ನಡುಗೋಡೆಯ ಗೇಟು

ಯಾರೋ ನೀರಿಗೆ ಹಾರಿದರು, ಹಿಂದೆಯೇ ಇನ್ನೊಬ್ಬರು, ಮಕ್ಕಳ ಕೇಕೆ, ಗೋಡೆಯ ಆಚೆ ಅವರ ಈಜುಕೊಳ, ಈಚೆ ನನ್ನ ಅಡುಗೆಮನೆ, ಕೈಯಲ್ಲಿ ಜೋಳದ ಹಿಟ್ಟು ಒಣಗುತ್ತಿದೆ, ಯಾರಿಗೆಂದು ರೊಟ್ಟಿ ಬಡಿಯಲಿ, ಮಗ ನವೀನ ಕೆಲಸದಿಂದ ಬರುವಾಗ ಅಂಧೇರಿಯಲ್ಲೇ ಏನೋ ತಿಂದು ಬರುತ್ತಾನೆ, ಈಗ ಮನೆಯಲ್ಲಿ ಕೂತು ಉಣ್ಣುವುದೇ ಇಲ್ಲ — ರೊಟ್ಟಿ ಬೇಕು ಅನ್ನುತ್ತಿದ್ದವರು ಇವರು, ಮನೆ ಬೇಕು ಅಂದವರೂ ಇವರೇ, ದೊಡ್ಡ ಬಿಲ್ಡಿಂಗ್ ಕಟ್ಟೋರು ನಮ್ಮಂಥವ್ರಿಗೂ ಒಂದಿಷ್ಟು ಮನಿ ಕೊಡಾಕಽ ಬೇಕಂತ ಕಾನೂನು ಐತಿ ರುದ್ರವ್ವಾ, ಅಂತ ಪ್ರತಿ ಸಲ ಲಾಟರಿಗೆ ಅರ್ಜಿ ಹಾಕುತ್ತಿದ್ದರು, ಪ್ರತಿ ಸಲ ಬೇರೆ ಯಾರದೋ ಹೆಸರು, ಕೊನೆಗೊಮ್ಮೆ ಸಿದ್ದಲಿಂಗಪ್ಪ ಅಂತ ಇವರದೇ ಬಂದಾಗ ಆಗ ನಾವಿದ್ದ ಸಯನ್ನಿನ ಚಾಳಿನ ತುಂಬ ಪೇಢೆ ಹಂಚಿದರು, ಪಕ್ಕದ ಖೋಲಿಯ ಚಂದ್ರವ್ವ ನನ್ನ ಗಲ್ಲ ಹಿಡಿದು, ನಸೀಬ ತೆರೀತು ನಿಂದು, ನಮ್ಮನ್ನ ಮರೀಬ್ಯಾಡ ಅಂದಳು, ಮರೆಯುವುದೇ, ಇವರ ಕಾಲು ಮುರಿದಾಗ ಚಾಳಿನ ಹುಡುಗರೇ ಕುರ್ಚಿ ಸಮೇತ ಎತ್ತಿಕೊಂಡು ದವಾಖಾನೆಗೆ ಓಡಿದ್ದರು, ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಬೀದಿ ದಾಟಿದ್ದರು.

ಗೋರೆಗಾಂವ್‌ನ ಈ ಮನೆಗೆ ಬಂದ ದಿನ ಗೊತ್ತಾಯಿತು, ಮುಂದಿನ ಟವರುಗಳು ಪೂರ್ತಿ ದುಡ್ಡು ಕೊಟ್ಟು ಕೊಂಡವರವು, ಹಿಂದಿನದು ಲಾಟರಿಯಲ್ಲಿ ಬಂದ ನಮ್ಮದು, ನಡುವೆ ಗೋಡೆ, ಗೋಡೆಗೊಂದು ಸರಳಿನ ಗೇಟು, ಅದಕ್ಕೆ ಬೀಗ, ನಮ್ಮ ದಾರಿ ಹಿಂದಿನ ಗಲ್ಲಿಯಿಂದ — ಮನೆ ಕೊಡು ಅಂದ ಕಾನೂನು ದಾರಿ ಕೊಡು ಅಂದಿರಲಿಲ್ಲ. ಇವರು ಬೇಸರ ಮಾಡಿಕೊಳ್ಳಲಿಲ್ಲ, ಸಂಜೆ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರ ತೋಟ ನೋಡುವರು, ಹೂವು ನೋಡಾಕ ಚಾವಿ ಬೇಕಾಗಂಗಿಲ್ಲ ಬಿಡು ಅನ್ನುವರು, ಆಚೆಯ ವಾಚ್‌ಮನ್ ಸದಾನಂದ ಬೆಳಗಾವಿ ಕಡೆಯವನು, ಸರಳಿನ ಸಂದಿಯಿಂದಲೇ ಇಬ್ಬರದೂ ಎಲೆ ಅಡಿಕೆ, ಊರ ಮಾತು. ಆ ಸಂಜೆಯೂ ಅಲ್ಲಿಗೇ ಹೊರಟಿದ್ದರು, ಬಾಗಿಲಲ್ಲೇ ನಿಂತು, ಎದಿ ಯಾಕೋ ಹಿಡಧಂಗ ಆಗೇತಿ ಅಂದರು, ಕೂತರು, ಬೆವರು, ನವೀನ ಫೋನು ಮಾಡಿದ, ಅಂಬ್ಯುಲೆನ್ಸ್ ಬಂದದ್ದು ಮುಂದಿನ ಟವರಿಗೆ, ಇಬ್ಬರದೂ ಅಡ್ರೆಸ್ಸು ಒಂದೇ ತಾನೆ, ಹಿಂದಿನ ಗಲ್ಲಿಯನ್ನು ಗಟಾರಕ್ಕೆಂದು ಅಗೆದು ಬಿಟ್ಟಿದ್ದರು, ಮಣ್ಣಿನ ಗುಡ್ಡೆ, ನಡೆಯುವವರೂ ದಾಟಲಾರರು, ನಾವು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇವರನ್ನು ಗೇಟಿಗೆ ತಂದೆವು. ಸದಾನಂದ ಆಚೆಯಿಂದ ಓಡಿ ಬಂದ, ನನ್ನ ಕಡೆ ಚಾವಿ ಇಲ್ರೀ ಅಕ್ಕಾ, ಸೊಸೈಟಿ ಆಫೀಸಿನ್ಯಾಗೈತಿ, ಸೆಕ್ರೆಟರಿ ಸಾಹೇಬ್ರು ಫೋನ್ ತಗೀವಲ್ರು, ಅನ್ನುತ್ತಲೇ ಕಲ್ಲು ತಂದು ಬೀಗ ಜಜ್ಜಿದ, ನವೀನನೂ ಈಚೆಯಿಂದ ಗೇಟು ಅಲುಗಾಡಿಸಿದ, ಅಂಬ್ಯುಲೆನ್ಸಿನವನು ಸರಳುಗಳ ನಡುವೆ ಕೈ ತೂರಿಸಿ ಇವರ ನಾಡಿ ಹಿಡಿದ, ಹಿಡಿದೇ ಇದ್ದ, ಆಮೇಲೆ ಮೆಲ್ಲಗೆ ಬಿಟ್ಟ. ಚಾವಿ ಬಂತು ಆಮೇಲೆ.

ಸದಾನಂದನನ್ನು ಕೆಲಸದಿಂದ ತೆಗೆದರು, ಬೀಗ ಒಡೆಯಹೋದನೆಂದು. ಗೇಟಿಗೆ ತಗಡು ಹೊದಿಸಿ ವೆಲ್ಡಿಂಗ್ ಮಾಡಿಸಿದರು, ಇನ್ನು ಚಾವಿಯ ತಕರಾರೇ ಇಲ್ಲ. ಮಾರಿಬಿಡೋಣವ್ವಾ ಅನ್ನುತ್ತಾನೆ ನವೀನ, ಹಿಂದೆಯೇ ಅವನೇ, ಐದು ವರ್ಷ ಮಾರಾಕ ಬರಂಗಿಲ್ಲ, ರೂಲ್ ಐತಿ ಅನ್ನುತ್ತಾನೆ, ಚಾಳಿನ ಖೋಲಿ ಬಿಟ್ಟುಕೊಟ್ಟಾಯಿತು, ಅಲ್ಲೀಗ ಬೇರೆ ಯಾರದೋ ಸಂಸಾರ, ಎಲ್ಲಿಗೆ ಹೋಗಲಿ, ಹೋಗಿ ಯಾರಿಗೆ ಏನು ಹೇಳಲಿ — ಹಿಟ್ಟು ಗಟ್ಟಿಯಾಯಿತು, ಆಚೆ ಇನ್ನೊಂದು ಮಗು ನೀರಿಗೆ ಹಾರಿತು, ಕಣ್ಣು ಮುಚ್ಚಿದರೆ ಆ ಸಂಜೆ, ಆಚೆ ನಿಂತ ಗಾಡಿಯ ನೆತ್ತಿಯಲ್ಲಿ ಕೆಂಪು ದೀಪ ತಿರುಗುತ್ತಿದೆ, ಇವರು ಅದನ್ನೇ ನೋಡುತ್ತ ಕೂತಿದ್ದಾರೆ ಅಂದುಕೊಂಡಿದ್ದೆ, ತಲೆ ಸ್ವಲ್ಪ ವಾಲಿತ್ತು ಅಷ್ಟೇ, ಕನ್ನಡಕದ ಮೇಲೆ ಕೆಂಪು, ಕೆಂಪಿನ ಮೇಲೆ ಸರಳುಗಳ ಗೆರೆ, ಹೋಯಿತು, ಮತ್ತೆ ಬಂತು, ಕನ್ನಡಕದ ಮೇಲೆ ಕೆಂಪು, ಸರಳುಗಳ ಗೆರೆ, ಹೋಯಿತು, ಬಂತು, ಕನ್ನಡಕದ ಮೇಲೆ ಕೆಂಪು —