ಕೆಡವುವ ಮೊದಲು ಕಪಾಟು ಸರಿಸಿ

ಚಹಾದಕ್ಕ ಎರಡೂ ಅರ್ಜಿಗೆ ಸಹಿ ಹಾಕಿಬಿಟ್ಟಿದ್ದಳು. ಸೋಮವಾರ ಬಂದವರು, "ಈ ಕಾಂಕ್ರೀಟ್ ಭೂತವನ್ನ ಕೆಡವಬೇಕಕ್ಕ" ಎಂದರು. ಹೌದಲ್ಲ ಎನಿಸಿತು. ಗುರುವಾರ ಬಂದವರು, "ಕೆಡವಬಾರದಕ್ಕ, ಸರಿಮಾಡಿ ಉಳಿಸಬೇಕು" ಎಂದರು. ಅದೂ ಹೌದಲ್ಲ ಎನಿಸಿತು. ನಾಳೆ ಸಭೆ. ಎರಡೂ ಅರ್ಜಿ ಎಲ್ಲರೆದುರು ಓದುತ್ತಾರಂತೆ.

ಅದು ಏಳು ಮಹಡಿಯ ಸರ್ಕಾರಿ ಕಚೇರಿ. ಕೆಳಗೆ ಮೆಟ್ಟಿಲ ಪಕ್ಕ ಹತ್ತೊಂಬತ್ತು ವರ್ಷದಿಂದ ಅವಳ ಚಹಾದಂಗಡಿ. ಬೇಸಿಗೆಯಲ್ಲಿ ಇಡೀ ಕಟ್ಟಡ ಕಾದ ಕಾವಲಿ. ಹೋದ ವರ್ಷ ಅವಳೇ ತಲೆಸುತ್ತಿ ಬಿದ್ದಿದ್ದಳು. ಆದರೆ ಕೆಡವಿದರೆ ಅಂಗಡಿಯ ಗತಿ? ಹೊಸದು ಎದ್ದ ಮೇಲೆ ತನ್ನನ್ನು ಒಳಗೆ ಬಿಟ್ಟುಕೊಳ್ಳುತ್ತಾರೆಂದು ಏನು ಗ್ಯಾರಂಟಿ?

"ಕೆಡವಲಿ ಬಿಡೇ. ಹೊಸ ಕಟ್ಟಡ, ಹೊಸ ಲಿಫ್ಟು," ಎಂದ ಗಂಡ. ಅವನು ಅಲ್ಲೇ ಲಿಫ್ಟ್ ನಡೆಸುವವನು.

"ಹೊಸ ಲಿಫ್ಟಿಗೆ ನಡೆಸೋರು ಯಾಕ್ರೀ ಬೇಕು? ಗುಂಡಿ ಒತ್ತಿದ್ರೆ ತಾನೇ ಹೋಗುತ್ತೆ."

ಗಂಡ ತಲೆ ಕೆರೆದುಕೊಂಡ. ಈಗ ಗಂಡ ಹೆಂಡತಿ ಇಬ್ಬರಿಗೂ ಗೊಂದಲ.

ಆಗಲೇ ಅಂಗಡಿಗೆ ಚಹಾಕ್ಕೆಂದು ಎಂಜಿನಿಯರ್ ಹುಡುಗಿ ಬಂದಳು. ಕಟ್ಟಡ ಪರೀಕ್ಷಿಸಲು ಹದಿನೈದು ದಿನದಿಂದ ಓಡಾಡುತ್ತಿದ್ದವಳು.

"ಮೇಡಂ, ನಂಗೆ ತಲೆ ಕೆಟ್ಟುಹೋಗಿದೆ. ಒಂದೇ ಮಾತಲ್ಲಿ ಹೇಳಿ, ಕೆಡವಬೇಕೋ ಬೇಡವೋ?"

"ಒಂದೇ ಮಾತಲ್ಲಿ ಆಗಲ್ಲ ಅಕ್ಕ. ಮೇಲೆ ಬನ್ನಿ. ಅಣ್ಣ, ನೀವೂ ಬನ್ನಿ."

ನಾಲ್ಕನೇ ಮಹಡಿಯ ದಾಖಲೆ ಕೋಣೆ. ಪಶ್ಚಿಮದ ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು. ಮೂವರೂ ಸೇರಿ ಒಂದನ್ನು ದಬ್ಬಿದರು. ಹಿಂದೆ ಗೋಡೆಯೇ ಇರಲಿಲ್ಲ, ತೂತು ತೂತಿನ ಸಿಮೆಂಟ್ ಜಾಲರಿ ಇತ್ತು! ಧೂಳಿನ ಜೊತೆಗೆ ಗಾಳಿ ನುಗ್ಗಿತು. ಚಹಾದಕ್ಕನ ಕತ್ತಿನ ಬೆವರು ಆರಿತು.

"ಬಿಸಿಲು ತಡೆದು ಗಾಳಿ ಬಿಡಲಿ ಅಂತ ಕಟ್ಟಿದೋರು ಬೇಕಂತಲೇ ಇಟ್ಟಿದ್ದು," ಎಂದಳು ಹುಡುಗಿ. "ಯಾರು ಮುಚ್ಚಿದ್ರೋ."

ಗಂಡ ಕೆಮ್ಮಿದ. "ನಾವೇ. ಫೈಲು ಹಾರ್ತಿದ್ವು. ಸಾಹೇಬ್ರು ಅಡ್ಡ ಇಡಿ ಅಂದ್ರು. ಎಲ್ಲಾ ಮಹಡೀಲೂ ಇಟ್ವಿ. ಕೆಳಗೆ ನಿನ್ನ ಅಂಗಡಿ ಹಿಂದೇನೂ."

"ಅಯ್ಯೋ! ಇಷ್ಟು ವರ್ಷ ನನ್ನ ಬೇಯಿಸಿದೋರು ನೀವೇನಾ!"

ನಗುವಾಗಲೂ ಅವಳಿಗೆ ಅನುಮಾನ ಹೋಗಲಿಲ್ಲ. "ಮತ್ತೆ ಸೋರೋದು? ಸಿಮೆಂಟ್ ಉದುರೋದು?"

"ತಾರಸೀಲಿ ಮುರಿದ ಕುರ್ಚಿ ರಾಶಿ ಹಾಕಿದಾರೆ, ನೀರು ಹೋಗೋ ದಾರಿ ಕಟ್ಕೊಂಡಿದೆ. ಉದುರಿದ ಕಡೆ ಕಂಬಿ ತುಕ್ಕು ಹಿಡಿದಿದೆ. ತುಕ್ಕು ತೆಗೆದು ಮತ್ತೆ ತುಂಬಬೇಕು. ತಾರಸಿಗೆ ಬಿಳಿ ಬಣ್ಣ ಹೊಡೆದ್ರೆ ಬಿಸಿ ಇನ್ನೂ ಇಳಿಯುತ್ತೆ."

"ಅದರ ಬದಲು ಹೊಸದೇ ಕಟ್ಟಬಹುದಲ್ಲಾ?"

"ಈ ಸಿಮೆಂಟು, ಕಬ್ಬಿಣ ಮಾಡೋಕೆ ಎಷ್ಟು ಇಂಧನ ಸುಟ್ಟಿದಾರೋ! ಕೆಡವಿದ್ರೆ ಅದೆಲ್ಲ ಮಣ್ಣುಪಾಲು. ಹೊಸದಕ್ಕೆ ಮತ್ತೆ ಸುಡಬೇಕು."

"ಹಾಗಾದ್ರೆ ಹಳೇದನ್ನೆಲ್ಲ ಉಳಿಸಬೇಕಾ?"

"ಇಲ್ಲಕ್ಕ. ಕಂಬ ಕೈಕೊಟ್ಟಿದ್ರೆ ನಾನೇ ಕೆಡವಿ ಅಂತಿದ್ದೆ. ಪರೀಕ್ಷೆ ಮಾಡಿದೀನಿ, ಗಟ್ಟಿ ಇದಾವೆ."

ಮರುದಿನ ಸಭೆಯಲ್ಲಿ ಚಹಾದಕ್ಕ ಎದ್ದು ನಿಂತಳು.

"ಎರಡೂ ಅರ್ಜೀಲಿರೋದು ನನ್ನ ಸಹಿನೇ."

ಜನ ಗೊಳ್ಳೆಂದರು.

"ನಗಿ, ನಗಿ. ಮೊದಲನೇದನ್ನ ಹೊಡೆದುಹಾಕಿ, ಅದು ನೋಡದೆ ಹಾಕಿದ್ದು. ಎರಡನೇದೂ ನೋಡದೆ ಹಾಕಿದ್ದೇ, ಅದನ್ನೂ ಹೊಡೀರಿ. ಈಗ ನೋಡ್ಕೊಂಡು ಬಂದಿದೀನಿ. ಪೆನ್ನು ಕೊಡಿ."

ಉಳಿಸಿ ಎನ್ನುವ ಅರ್ಜಿಗೆ ಹೊಸದಾಗಿ ಸಹಿ ಹಾಕಿದಳು. ಅದರ ಕೆಳಗೆ ಗಂಡನೂ ಹಾಕಿದ.

ನಿಮ್ಮ ಊರಲ್ಲೂ ಇಂಥದೊಂದು ಇದೆಯಲ್ಲ? ಆಸ್ಪತ್ರೆಯೋ, ಗ್ರಂಥಾಲಯವೋ, ಬಸ್ ನಿಲ್ದಾಣವೋ, ಬೈದುಕೊಂಡೇ ನೀವು ಒಳಗೆ ಹೋಗುವಂಥದ್ದು? ಅದನ್ನು ಕೆಡವಿ ಎನ್ನುವ ಕಾಗದ ಬಂದರೆ ಕೇಳಿ: ಪರೀಕ್ಷೆ ಮಾಡಿದವರು ಯಾರು, ಏನು ಹೇಳಿದರು, ಇದರಲ್ಲಿ ನಾವೇ ಮುಚ್ಚಿದ್ದೆಷ್ಟು? ಗೊಂದಲವಾದರೆ ನಾಚಿಕೊಳ್ಳಬೇಡಿ. ಪೆನ್ನು ಕೆಳಗಿಡಿ, ಒಮ್ಮೆ ಒಳಗೆ ಹೋಗಿ ನೋಡಿ ಬನ್ನಿ.