ಹೆಗಲ ಪಟ್ಟಿ

"ಯಾರರೆ ಕೆಳಗ ಕೈ ಕೊಡ್ರಿ, ಭಾಳ ಭಾರ ಐತಿ," ಎನ್ನುತ್ತ ಲಾಡಲೇಸಾಬ ಗೂಟಕ್ಕೆ ತೂಗುಹಾಕಿದ್ದ ಹೊಲಿಗೆ ಮಷೀನಿನ ಚೀಲವನ್ನು ಎದೆಗೆ ಆನಿಸಿಕೊಂಡು ಇಳಿಸಿದ. ಪಡಸಾಲೆಯಲ್ಲಿ ಅಳುತ್ತ ಕೂತಿದ್ದ ಹೆಂಗಸರು ಅಳು ನಿಲ್ಲಿಸಿ ಸರಿದು ಕೂತರು.

"ಹಗೂರಕ ಅಣ್ಣ. ಅವ್ರು ಯಾರಿಗೂ ಮುಟ್ಟಗೊಡೂದಿಲ್ಲ," ಎಂದಳು ಶಂಕ್ರೆವ್ವ. ಹೇಳಿಬಿಟ್ಟ ಮೇಲೆ ಅವಳಿಗೇ ಗಾಬರಿಯಾಯಿತು. ಮುಟ್ಟಬೇಡ ಎನ್ನುವ ಗಂಡ ಮಗ್ಗುಲಲ್ಲೇ ಗೋಡೆಗೆ ಒರಗಿ ಕೂತಿದ್ದ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಅವನನ್ನು ಹಾಗೆ ಕೂಡಿಸಿ ಕಟ್ಟಿ ಇನ್ನೂ ಎರಡು ತಾಸು ಆಗಿರಲಿಲ್ಲ.

ಮುಂಜಾನೆ ಮಲಕಾಜಪ್ಪ ಚಹಾ ಕುಡಿದಿದ್ದ, ಚಹಾದಲ್ಲಿ ಬೆಲ್ಲ ಕಡಿಮೆಯೆಂದು ಗೊಣಗಿದ್ದ, ಮೆಟ್ಟು ಮೆಟ್ಟಿ ಚೀಲ ಹೆಗಲಿಗೇರಿಸಿ ವಿಜಾಪುರದ ಮೋಟಾರು ಹಿಡಿಯಲು ಹೊರಟಿದ್ದ. ಹೊಸ್ತಿಲು ದಾಟಿದವನು "ಶಂಕ್ರೀ, ಒಂದೀಟು ನೀರು ತಾ" ಎಂದ. ಅವಳು ತಂಬಿಗೆ ತಂದಾಗ ಕಟ್ಟೆಯ ಮೇಲೆ ಕೂತಿದ್ದ, ಚೀಲ ತೊಡೆಯ ಮೇಲಿತ್ತು, ಕಣ್ಣು ತೆರೆದೇ ಇದ್ದವು. "ತಗೋರಿ, ಮೋಟಾರ ತಪ್ಪತೈತಿ" ಎಂದು ಅವಳು ಎರಡು ಸಲ ಹೇಳಿದಳು. ಮೂರನೆಯ ಸಲ ಸಿಟ್ಟಿನಿಂದ ಹೇಳಿದಳು. ಆಮೇಲೆ ಯಾರು ಬಂದರು, ಯಾರು ಕೂಗಿದರು ಒಂದೂ ಅವಳಿಗೆ ನೆನಪಿಲ್ಲ. ಚೀಲವನ್ನು ಒಳಗೆ ತಂದು ಗೂಟಕ್ಕೆ ಹಾಕಿದ್ದೂ ತಾನೇ ಎಂದು ಈಗ ಜನ ಹೇಳುತ್ತಿದ್ದಾರೆ.

ಆ ಮನೆತನದಲ್ಲಿ ಒಂದು ರೂಢಿಯಿತ್ತು. ಸತ್ತವರನ್ನು ಕುತ್ತಿಗೆಯ ತನಕ ಬರುವ ಕಾವಿಚೀಲದಲ್ಲಿ ಕೂಡಿಸಿ, ಚೀಲಕ್ಕೆ ಹೊಲಿದ ನಾಲ್ಕು ಉದ್ದನೆಯ ಪಟ್ಟಿಗಳನ್ನು ಹಿಡಿದು ನಾಲ್ವರು ಗುಣಿಗೆ ಇಳಿಸಬೇಕು. ದರ್ಜಿ ಸತ್ತರೆ ಆ ಕಾವಿಚೀಲವನ್ನು ಅವನ ಮಷೀನಿನ ಮೇಲೇ ಹೊಲಿಯಬೇಕು. ಯುದ್ಧದ ಕಾಲ, ಗಜ ಅರಿವಿ ಸಿಗುವುದೂ ಕಷ್ಟ. ಸ್ವಾಮಿ ಬಸಲಿಂಗಯ್ಯ ಮಠದಿಂದ ಕಾವಿ ಬಟ್ಟೆ ತಂದುಕೊಟ್ಟು, "ಹೊತ್ತು ಮುಳುಗೂದ್ರಾಗ ಮಣ್ಣು ಆಗಬೇಕು, ಲಗೂನ ಹೊಲೀರಿ" ಎಂದಿದ್ದರು. ಹೊಲಿಯಲು ಕೂತವನು ಲಾಡಲೇಸಾಬ. ಅವನೂ ದರ್ಜಿ, ಸತ್ತವನ ಮೂವತ್ತು ವರ್ಷದ ಗೆಳೆಯ. ಇಬ್ಬರೂ ಒಬ್ಬರ ಹೊಲಿಗೆಯನ್ನೊಬ್ಬರು ಬೈಯದೆ ಕಳೆದ ದಿನವಿಲ್ಲ.

ಅವನು ಮಷೀನಿನ ಚೀಲದ ಬಾಯಿ ಬಿಚ್ಚಿದ. ಕತ್ತರಿಯ ಒರೆ, ದಾರ ಸುತ್ತುವ ಉಂಡಿಗೆಗಳ ಚಿಕ್ಕ ಸಂಚಿ, ಎಣ್ಣೆ ಕುಪ್ಪಿಯ ಅಂಗಿ, ಸೂಜಿ ಚುಚ್ಚಿಡುವ ಮಡಿಕೆ, ಒಂದೊಂದೇ ಹೊರಗೆ ಬಂತು. ಆಮೇಲೆ ಮಷೀನಿನ ತಲೆಗೆ ತೊಡಿಸುವ ಕುಂಚಿಗೆ. ಅದನ್ನು ಎಳೆದವನ ಕೈ ಅಲ್ಲೇ ನಿಂತಿತು.

ಕುಂಚಿಗೆಯೊಳಗೆ ಮಷೀನು ಇರಲಿಲ್ಲ. ಕೌದಿಯ ಚೂರುಗಳನ್ನು ಸುತ್ತಿ, ಮಷೀನಿನ ಕುತ್ತಿಗೆಯಂತೆಯೇ ಬಗ್ಗಿಸಿ ಹೊಲಿದ ಬೊಂಬೆಯಿತ್ತು. ಅದರ ಕೆಳಗೆ ಬೀಸುಕಲ್ಲಿನ ಅರ್ಧ ಹೋಳು.

*

ಮಲಕಾಜಪ್ಪ ಅಂಗಡಿ ಇಟ್ಟವನಲ್ಲ. ಮದುವೆಯೋ ಹಬ್ಬವೋ ಇದ್ದ ಮನೆಗಳಿಗೆ ಕೈಮಷೀನು ಹೊತ್ತುಕೊಂಡು ಹೋಗಿ, ವಾರ ಹತ್ತು ದಿನ ಅಲ್ಲೇ ಕೂತು, ಮದುಮಗಳ ಕುಪ್ಪಸದಿಂದ ಮುದುಕನ ಅಂಗಿಯವರೆಗೆ ಹೊಲಿದು ಬರುವವನು. ಟಿಕೋಟಾದಲ್ಲಿ ಅವನ ಮನೆ, ಬಬಲೇಶ್ವರ ಕಾಖಂಡಕಿಗಳ ಕಡೆ ಅವನ ಊಟ. ವಿಜಾಪುರದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಮೇಲೆ ಓಡುವ ಮೋಟಾರು ಬದಲಿಸುವಾಗ ಕ್ಲೀನರನು ಚೀಲವನ್ನು ಮೇಲಕ್ಕೆ ಹಾಕಲು ಕೈ ಚಾಚಿದರೆ, "ಅದು ಸಾಮಾನಲ್ಲೋ ತಮ್ಮಾ, ನನ್ನ ಜೋಡಿ ಬರೂ ಪ್ಯಾಸೆಂಜರ," ಎಂದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ.

ಮಷೀನಿಗೆ ಅವನು ಮಾಡಿದ ಉಪಚಾರವನ್ನು ಸೊಸೆಗೆ ಮಾಡಿದ ಅತ್ತೆ ಆ ಊರಲ್ಲಿ ಇರಲಿಲ್ಲ. ಡೇರೆ ಬಟ್ಟೆಯ ಚೀಲ, ಒಳಗೆ ಮೂರು ಪದರು ಕೌದಿ, ಹಿಡಿಕೆಗೆ ಬೇರೆ ತೋಳು, ತಲೆಗೆ ಕೂಸಿನ ಕುಂಚಿಗೆಯಂಥದೇ ಕುಂಚಿಗೆ. ದಂಪತಿಗೆ ಮಕ್ಕಳಿರಲಿಲ್ಲ. "ಶಂಕ್ರೆವ್ವ, ಕೂಸಿಗೆ ಕುಂಚಿಗಿ ಆತು, ಉಡದಾರ ಯಾವಾಗ?" ಎಂದು ನೆರೆಮನೆಯ ದುಂಡವ್ವ ಕೇಳುತ್ತಿದ್ದಳು. ಮೊದಮೊದಲು ಆ ಮಾತು ಶಂಕ್ರೆವ್ವನ ಹೊಟ್ಟೆಗೆ ಇರಿಯುತ್ತಿತ್ತು. ಬರಬರುತ್ತ ಅವಳೂ ನಗತೊಡಗಿದಳು.

ಎರಡು ವರ್ಷದ ಹಿಂದೆ, ಪಂಚಮಿಯ ಮುಂದೆ, ಚೀಲದ ಹೆಗಲ ಪಟ್ಟಿ ಸವೆದುಹೋಗಿತ್ತು. ಮರುದಿನ ಕಾಖಂಡಕಿಗೆ ಹೋಗಬೇಕು, ಮಲಕಾಜಪ್ಪನಿಗೆ ಚಳಿಜ್ವರ. ಮೂರು ಕೌದಿ ಹೊದ್ದು ನಡುಗುತ್ತಿದ್ದವನು, "ನೀನ ಹೊಲದು ಕೊಡು" ಎಂದ. ಇಪ್ಪತ್ತು ವರ್ಷದಲ್ಲಿ ಅವನು ಅವಳಿಗೆ ಸೂಜಿ ಕೊಟ್ಟದ್ದು ಅದೇ ಮೊದಲು. ಅವಳು ಮನೆಯಲ್ಲಿದ್ದ ಎಲ್ಲಕ್ಕಿಂತ ಸಣ್ಣ ಸೂಜಿ ಹಿಡಿದು ಬೆಳಗಿನಿಂದ ಮಧ್ಯಾಹ್ನದ ತನಕ ಕೂತಳು. ಸೂಜಿಯ ಒಂದು ಟಾಕಿಗೂ ಇನ್ನೊಂದಕ್ಕೂ ನಡುವೆ ಸಾಸಿವೆ ಹಿಡಿಯುವಷ್ಟೂ ಜಾಗವಿರಲಿಲ್ಲ.

ಅವನು ಎದ್ದು ಕೂತು ಹೊಲಿಗೆಯ ಗುಂಟ ಹೆಬ್ಬೆರಳು ಎಳೆದ. ನಡುವೆ ಒಂದು ಕಡೆ ಬೆರಳು ನಿಂತಿತು. ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿದ.

"ಇರಿವಿ ಸಾಲು ಹಂಗ ಐತಿ," ಎಂದ. "ನನ್ನ ಕಡಿಂದನೂ ಆಗೂದಿಲ್ಲ ಇದು."

ಆ ಒಂದು ಮಾತನ್ನು ಶಂಕ್ರೆವ್ವ ಟಿಕೋಟಾದಲ್ಲಿ ಯಾರ ಕಿವಿಗೆ ಹಾಕಲಿಲ್ಲ ಎಂದು ಕೇಳಬೇಕು. ಬಾವಿಯ ಹತ್ತಿರ ಹೇಳಿದಳು, ಹಿಟ್ಟಿನ ಗಿರಣಿಯಲ್ಲಿ ಹೇಳಿದಳು. ಕಾಖಂಡಕಿಯಿಂದ ಮರಳಿದ ಮಲಕಾಜಪ್ಪ ಪಟ್ಟಿಯ ಬುಡಕ್ಕೆ ತೊಗಲಿನ ತುಂಡು ಹಚ್ಚಿಸಿಕೊಂಡು ಬಂದಿದ್ದ. ಯಾಕೆಂದು ಕೇಳಿದರೆ ಚಂದ ಕಾಣಲಿ ಎಂದು ಅಂದ. ಯುದ್ಧದಲ್ಲಿ ಮಷೀನಿನ ಎಣ್ಣೆ ಸಿಗುತ್ತಿಲ್ಲ, ಮನೆಯಲ್ಲಿ ತಿರುವಿ ಸವೆಸುವುದು ಬೇಡ ಎಂದೂ ಅಂದ. ಅಲ್ಲಿಂದ ಮುಂದೆ ಅವಳಿಗೆ ಕೆಲಸ ಹಚ್ಚತೊಡಗಿದ. ಉಂಡಿಗೆಗೊಂದು ಸಂಚಿ ಹೊಲಿ ಎಂದ, ಕತ್ತರಿಗೊಂದು ಒರೆ, ಕುಪ್ಪಿಗೊಂದು ಅಂಗಿ. ಅವಳು ಒಂದು ಮುಗಿಸುವುದರೊಳಗೆ ಇನ್ನೊಂದು ಹೇಳುತ್ತಿದ್ದ. ಅವಳು ಅಷ್ಟು ಸುಖವಾಗಿ ಇದ್ದದ್ದು ಆ ಎರಡು ವರ್ಷ.

*

"ಯಾವನೋ ಕದ್ದು ಕಲ್ಲ ಇಟ್ಟಾನ," ಎಂದಳು ದುಂಡವ್ವ.

"ಕಳ್ಳ ಇಷ್ಟು ಚಂದ ಗಾದಿ ಹೊಲದು ಇಡತಾನೇನ ಬೇ?" ಲಾಡಲೇಸಾಬ ಬೊಂಬೆಯನ್ನು ತಿರುಗಿಸಿ ನೋಡಿದ. "ಇದು ಮಲಕಾಜಪ್ಪನ ಕೈ. ಕಣ್ಣು ಮುಚ್ಚಿ ಹೇಳತೇನಿ."

ಶಂಕ್ರೆವ್ವ ಕಲ್ಲಿನ ಮೇಲೆ ಕೈಯಿಟ್ಟಳು. ಪ್ರತಿ ಸಲ ಹೊರಡುವಾಗ ಈ ಚೀಲವನ್ನು ಗಂಡನ ಹೆಗಲಿಗೆ ಎತ್ತಿಕೊಟ್ಟವಳು ಅವಳೇ. ಇವತ್ತು ಮುಂಜಾನೆಯೂ ಕೊಟ್ಟಿದ್ದಳು. ಒಂದು ದಿನವೂ ಭಾರ ಹೆಚ್ಚು ಕಡಿಮೆ ಅನ್ನಿಸಿರಲಿಲ್ಲ.

ಆಗ ಬಾಗಿಲಲ್ಲಿ ಒಬ್ಬ ಕಂಬಳಿಯ ಮನುಷ್ಯ ಬಂದು ನಿಂತ. ಕಾಖಂಡಕಿಯ ಗೊಲ್ಲಾಳಪ್ಪ, ಕುರಿ ಸಾಕುವವನು. ತಂಗಿಯ ಮಗಳ ಮದುವೆ, ಮಲಕಾಜಪ್ಪ ಮುಂಜಾನೆಯ ಮೋಟಾರಿಗೆ ಬರಲಿಲ್ಲ, ಏನಾಯಿತೆಂದು ವಿಜಾಪುರದಿಂದ ಹುಡುಕಿಕೊಂಡು ಬಂದಿದ್ದ. ಕಟ್ಟಿಟ್ಟ ಹೆಣ ನೋಡಿ ಕಂಬಳಿ ತೆಗೆದು ಕೈಮುಗಿದ. ಹೊಸ್ತಿಲ ಮೇಲೇ ಕೂತ. ಸ್ವಲ್ಪ ಹೊತ್ತಿನ ಮೇಲೆ ಪಡಸಾಲೆಯ ನಡುವೆ ಬಿಚ್ಚಿಟ್ಟ ಕಲ್ಲು ಕಂಡಿತು.

"ಬಿಚ್ಚಿದ್ರೇನ ಅದನ್ನ," ಎಂದ ಮೆಲ್ಲಗೆ.

ಎಲ್ಲರೂ ಅವನತ್ತ ತಿರುಗಿದರು. "ನಿನಗ ಗೊತ್ತೈತೇನು?" ಎಂದು ಬಸಲಿಂಗಯ್ಯ ಕೇಳಿದರು.

"ಮಷೀನು ನಮ್ಮೂರ ಹಳ್ಳದಾಗ ಐತ್ರಿ ಅಜ್ಜಾರ. ಎರಡು ವರ್ಷದ ಹಿಂದ ಪಂಚಮಿ ಮುಂದ ಹಳ್ಳ ಬಂದಿತ್ತು. ನಾ ಇವನ ಕೈ ಹಿಡದು ದಾಟಸಾಕತ್ತಿದ್ದೆ. ನಟ್ಟನಡುವ ಹೆಗಲ ಪಟ್ಟಿ ಹರೀತು. ಚೀಲ ಅಡ್ಡಾತು, ಬಾಯಿ ಬಿಚ್ಚಿ ಮಷೀನು ಜಾರಿ ನೀರಿಗೆ ಬಿತ್ತು. ಮೂರು ದಿನ ಹುಡುಕಿದ್ವಿ. ಎರಿಮಣ್ಣ ಕೆಸರು, ನುಂಗಿಬಿಡ್ತು. ಅಲ್ಲಿಂದ ಎಲ್ಲಾರ ಮನ್ಯಾಗೂ ಕೈಲೇ ಹೊಲದಾನ. ಸಾಮಾನ ಸಿಗವಲ್ದು, ಮಷೀನು ಕೆಟ್ಟೈತಿ ಅಂತಿದ್ದ. ಚೀಲ ಮಾತ್ರ ಬಿಡಲಿಲ್ಲ."

"ಪಟ್ಟಿ ಹರೀತು?" ಲಾಡಲೇಸಾಬನಿಗೆ ರೇಗಿತು. "ಮಲಕಾಜಪ್ಪನ ಹೊಲಿಗಿ ಹರೀತು ಅಂತೀ? ಎತ್ತು ಕಟ್ಟಿ ಎಳದ್ರೂ ಹರಿಯೂದಿಲ್ಲ ಅದು. ಸುಳ್ಳ ಹೇಳಬ್ಯಾಡ."

ಗೊಲ್ಲಾಳಪ್ಪ ಒಮ್ಮೆ ಶಂಕ್ರೆವ್ವನನ್ನು ನೋಡಿ ತಲೆ ತಗ್ಗಿಸಿದ.

"ಅವ್ರ ಹೊಲಿಗಿ ಅಲ್ಲ ಅದು," ಎಂದಳು ಶಂಕ್ರೆವ್ವ. "ನಂದು."

ಅವಳು ಕತ್ತರಿ ತೆಗೆದುಕೊಂಡು ಪಟ್ಟಿಯ ಬುಡದ ತೊಗಲಿನ ತುಂಡನ್ನು ಬಿಚ್ಚಿದಳು. ಕೆಳಗೆ ಅವಳ ಇರುವೆ ಸಾಲು ಇತ್ತು. ದಾರ ಹರಿದಿರಲಿಲ್ಲ. ಒತ್ತೊತ್ತಾಗಿ ಚುಚ್ಚಿದ ತೂತುಗಳ ಗುಂಟ ಡೇರೆ ಬಟ್ಟೆಯೇ ಸೀಳಿತ್ತು, ಅಂಚೆ ತಿಕೀಟು ಹರಿದಷ್ಟು ನೇರವಾಗಿ. ಅದರ ಮೇಲೆ ಗಂಡ ಹಾಕಿದ ಟಾಕಿಗಳು ದೊಡ್ಡವು, ದೂರದೂರದವು, ನೋಡಲು ಏನೇನೂ ಚಂದವಿಲ್ಲದವು. ಭಾರ ಹೊರುವ ಪಟ್ಟಿಗೆ ಹಾಗೇ ಹೊಲಿಯಬೇಕು. ಅಂದು ಅವನ ಹೆಬ್ಬೆರಳು ಯಾಕೆ ನಿಂತಿತ್ತು ಎಂಬುದು ಅವಳಿಗೆ ಈಗ ತಿಳಿಯಿತು. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೆಗಲಿಗೆ ಹಾಕಿಕೊಂಡು ಹಳ್ಳಕ್ಕೆ ಇಳಿದಿದ್ದ.

"ಏನಂದ್ರು ನಿನ್ನ ಮುಂದ?" ಎಂದು ಗೊಲ್ಲಾಳಪ್ಪನನ್ನು ಕೇಳಿದಳು.

"'ನನ್ನ ಹೆಂಡತಿ ಕಿವಿಗೆ ಬಿದ್ರ ಆಕಿ ಇನ್ನ ಸೂಜಿ ಮುಟ್ಟೂದಿಲ್ಲ. ಯಾರ ಮುಂದೂ ಹೇಳಬ್ಯಾಡ' ಅಂದ. ನಮ್ಮ ಮನ್ಯಾಗಿನ ಒಡದ ಬೀಸುಕಲ್ಲ ಕೇಳಿ ಇಸಗೊಂಡ. 'ಚೀಲ ಎತ್ತಿಕೊಡಾಕಿ ಆಕಿನ, ಹಗುರ ಆದ್ರ ತಿಳೀತೈತಿ' ಅಂದ."

ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಎರಡು ವರ್ಷ ಕಲ್ಲು ಹೊತ್ತು ತಿರುಗಿದ ಗಂಡಸು, ಇಲ್ಲದ ಮಷೀನಿಗೆ ಸಂಚಿ ಹೊಲಿಸಿಕೊಂಡ ಗಂಡಸು, ಒಂದು ಮಾತು ಬೈದಿದ್ದರೆ ಆಗುತ್ತಿರಲಿಲ್ಲವೇ? ಅವಳ ಬದಿಯಲ್ಲಿ ಸಾಲಾಗಿ ಬಿದ್ದಿದ್ದವು ಒರೆ, ಕುಪ್ಪಿಯ ಅಂಗಿ, ಸೂಜಿಯ ಮಡಿಕೆ. ಉಂಡಿಗೆಯ ಸಂಚಿಯಲ್ಲಿ ಉಂಡಿಗೆಗಳು ದಾರ ತುಂಬಿಕೊಂಡು ಕೂತಿದ್ದವು. ಆಮೇಲೆ ಇನ್ನೊಂದು ಹೊಳೆಯಿತು: ಈ ಭಾರವೇ ಇವತ್ತು ಅವನ ಎದೆಯನ್ನು ಒಡೆಯಿತೇ? ಅದನ್ನು ಯಾರನ್ನು ಕೇಳುವುದು.

"ಹೊತ್ತು ಹೊಂಟೈತಿ," ಎಂದರು ಬಸಲಿಂಗಯ್ಯ. "ಅವನ ಮಷೀನ ಇಲ್ಲಂದ ಮ್ಯಾಲ ಏನು ಮಾಡೂದು. ಲಾಡಲೇಸಾಬ, ನಿನ್ನ ಮಷೀನ ತಾ."

ಲಾಡಲೇಸಾಬ ಏಳುವುದರೊಳಗೆ ಶಂಕ್ರೆವ್ವ ಕಾವಿ ಬಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

"ಬ್ಯಾಡ್ರಿ. ನಾ ಹೊಲೀತೇನಿ. ಕೈಲೇ."

ಹೆಂಗಸರ ನಡುವೆ ಗುಸುಗುಸು ಎದ್ದಿತು. ದುಂಡವ್ವ ಅವಳ ಮುಂಗೈ ಹಿಡಿದು, "ಹುಚ್ಚಿ ಆಗಬ್ಯಾಡ ಬೇ ಶಂಕ್ರೆವ್ವ. ಎಲ್ಲಾರೂ ಕೇಳ್ಯಾರ ಈಗ," ಎಂದಳು.

ಬಸಲಿಂಗಯ್ಯ ಮಾತನ್ನು ಅಳೆದು ಆಡಿದರು. "ತಾಯಿ, ಇದು ಕುಪ್ಪಸ ಅಲ್ಲ. ಆಳು ಭಾರ. ಗುಣಿ ಮ್ಯಾಲ ಪಟ್ಟಿ ಹರೀತಂದ್ರ ಅವನು ಬೋರಲ ಬೀಳತಾನ. ಅದನ್ನ ನೋಡಾಕ ನಿನಗ ಆಗತೈತೇನು?"

"ಹರಿಯೂದಿಲ್ರಿ," ಎಂದಳು. ಲಾಡಲೇಸಾಬನ ಕಡೆ ತಿರುಗಿದಳು. "ಅಣ್ಣ, ಗೋಣಿ ಹೊಲಿಯೂ ದಬ್ಬಣ ಕೊಡು. ದಾರಕ್ಕ ಜೇನಮೇಣ ಬೇಕು."

ಲಾಡಲೇಸಾಬ ಬಸಲಿಂಗಯ್ಯನವರ ಮುಖ ನೋಡಿದ. ಅವರು ಬೇಡ ಅನ್ನಲಿಲ್ಲ. ಅವನು ತನ್ನ ಅಂಗಡಿಗೆ ಹೋಗಿ ದಬ್ಬಣ, ಮೇಣ ತಂದ.

ಅವಳು ಗಂಡನ ಎದುರಿಗೇ ಕೂತು ಹೊಲಿದಳು. ದೊಡ್ಡ ದೊಡ್ಡ ಟಾಕಿ, ಒಂದಕ್ಕೂ ಇನ್ನೊಂದಕ್ಕೂ ಬೆರಳಗಲ ಜಾಗ. ಕೈ ರೂಢಿಯಂತೆ ಸಣ್ಣ ಟಾಕಿ ಹಾಕಲು ಹೋದಾಗಲೆಲ್ಲ ಬಿಚ್ಚಿ ಮತ್ತೆ ಹಾಕಿದಳು. ಪಟ್ಟಿಯ ಬುಡದಲ್ಲಿ ಎರಡೆರಡು ಪದರು ಬಟ್ಟೆ ಮಡಿಸಿ ಕೊಟ್ಟಳು. ಪ್ರತಿಯೊಂದು ಪಟ್ಟಿ ಮುಗಿದಾಗ ಚೀಲವನ್ನು ಕಾಲಲ್ಲಿ ಒತ್ತಿ ಹಿಡಿದು ಎರಡೂ ಕೈಯಿಂದ ಜಗ್ಗಿದಳು. ಅಂಗೈ ಹರಿದು ಕಾವಿಯ ಮೇಲೆ ರಕ್ತ ಹತ್ತಿತು, ಆ ಬಣ್ಣದಲ್ಲಿ ಅದು ಕಾಣಲಿಲ್ಲ. ಲಾಡಲೇಸಾಬ ಕೊನೆಯಲ್ಲಿ ಬಗ್ಗಿ ನೋಡಿದ.

"ಚಂದಿಲ್ಲ," ಎಂದ.

"ಹೂಂ."

"ಹಿಂಗ ಇರಬೇಕು," ಎಂದು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ.

ಅಥಣಿ ರಸ್ತೆಯ ಬದಿಯ ರುದ್ರಭೂಮಿಗೆ ಹೋಗಿ ಮುಟ್ಟಿದಾಗ ಬಿಸಿಲು ಹಳದಿಯಾಗಿತ್ತು. ಬಸಲಿಂಗಯ್ಯ ಗುಣಿಗೆ ಇಳಿದು, ಬಿಲ್ವಪತ್ರೆ ಹಾಸಿ, ಕೈ ಮೇಲೆತ್ತಿ ನಿಂತರು. ಲಾಡಲೇಸಾಬ ಒಂದು ಪಟ್ಟಿ ಹಿಡಿದ, ಗೊಲ್ಲಾಳಪ್ಪ ಒಂದು, ಓಣಿಯ ರೇವಪ್ಪ ಒಂದು. ನಾಲ್ಕನೆಯದನ್ನು ಹಿಡಿದಿದ್ದ ಮನುಷ್ಯನ ಹತ್ತಿರ ಹೋಗಿ ಶಂಕ್ರೆವ್ವ ಕೈ ಚಾಚಿದಳು. ಹೆಂಗಸರು ಪಟ್ಟಿ ಹಿಡಿದದ್ದನ್ನು ಆ ಊರು ನೋಡಿರಲಿಲ್ಲ. ಆ ಮನುಷ್ಯ ಕೆಳಗೆ ಸ್ವಾಮಿಗಳತ್ತ ನೋಡಿದ, ಅವರು ಕಣ್ಣು ಮುಚ್ಚಿದರು. ಅವನು ಕೊಟ್ಟು ಸರಿದ.

"ಸಾವಕಾಶ," ಎಂದ ಲಾಡಲೇಸಾಬ.

ಚೀಲ ನೆಲ ಬಿಟ್ಟಿತು. ಭಾರ ಬಿದ್ದೊಡನೆ ಹೊಲಿಗೆಯ ತೂತುಗಳು ಅಗಲವಾಗಿ ತೆರೆದವು, ಬಟ್ಟೆ ಕಿರುಗುಟ್ಟಿತು. ಶಂಕ್ರೆವ್ವ ಗಂಡನ ಮುಖ ನೋಡಲಿಲ್ಲ. ಪಟ್ಟಿಯ ಬುಡವನ್ನೇ ನೋಡುತ್ತ ಗೇಣು ಗೇಣು ಕೈ ಸಡಿಲಿಸಿದಳು. ಮಲಕಾಜಪ್ಪ ಕೂತವನು ಕೂತ ಹಾಗೆಯೇ, ಎಲ್ಲಿಯೂ ವಾಲದೆ, ಕೆಳಗೆ ಹೋದ.

"ಮುಟ್ಟೈತಿ," ಎಂದು ಕೆಳಗಿನಿಂದ ಬಸಲಿಂಗಯ್ಯನವರ ದನಿ ಬಂತು. "ಬಿಡ್ರಿ ಇನ್ನ."

ಮೂರು ಪಟ್ಟಿಗಳು ಒಂದರ ಹಿಂದೆ ಒಂದು ಗುಣಿಯೊಳಗೆ ಬಿದ್ದವು. ನಾಲ್ಕನೆಯದು ಬಿಗಿದುಕೊಂಡೇ ಇತ್ತು.

"ಶಂಕ್ರೆವ್ವ, ಬಿಡಬೇ," ಎಂದ ಲಾಡಲೇಸಾಬ.

ಅವಳು ಹಿಂದಕ್ಕೆ ವಾಲಿ, ಎರಡೂ ಹಿಮ್ಮಡಿ ಮಣ್ಣಿಗೆ ಊರಿ, ಹಿಡಿದೇ ನಿಂತಿದ್ದಳು.