ಪೈಲ್ವಾನ ಬಾಲ ಆಡಿಸುವ ಕಡೆ

ಸೂತಕ ಕಳೆದ ಮರುದಿನ ಬೆಳಿಗ್ಗೆ ತಾರಾಬಾಯಿ ಎಂದಿನಂತೆ ರೊಟ್ಟಿ ಬಡಿಯಲು ಕುಳಿತರು. ನೆಂಟರೆಲ್ಲ ಹೋಗಿಯಾಗಿತ್ತು. ಅಂಗಳದಲ್ಲಿ ಹಾಕಿದ್ದ ಬಾಡಿಗೆ ಕುರ್ಚಿಗಳನ್ನು ಹಿಂದಿನ ಸಂಜೆಯೇ ಟೆಂಪೊದವನು ಒಯ್ದಿದ್ದ. ಡೇರಿಯವನು ಬಂದು ಹಾಲಿನ ಕ್ಯಾನು ಎತ್ತಿಕೊಂಡು ಹೋದ. ಅಥಣಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಯಿಂದ ತುಸು ಒಳಗೆ, ದ್ರಾಕ್ಷಿ ತೋಟದ ನಡುವಿನ ಆ ಮನೆಯಲ್ಲಿ ಈಗ ಉಳಿದವರು ತಾರಾಬಾಯಿ, ಅವರ ಗಂಡ ಧನಪಾಲ ಮತ್ತು ಸೊಸೆ ತ್ರಿಶಲಾ. ಆಮೇಲೆ ನಾಯಿ, ಪೈಲ್ವಾನ.

ಕೊನೆಯ ರೊಟ್ಟಿಯನ್ನು ತಾರಾಬಾಯಿ ದಪ್ಪಗೆ ಬಡಿದರು. ಅದು ನಾಯಿಯದು. ಅದನ್ನು ಹಾಲಿನಲ್ಲಿ ಮುರಿದು ಹಾಕುವುದು ಮಗ ಶೀತಲ್‌ನ ಕೆಲಸವಾಗಿತ್ತು. ಬೇಯಿಸಿ ತೆಗೆದ ಮೇಲೆ ಅವರಿಗೆ ಅದು ಹೊಳೆಯಿತು. ಬಿಸಿ ರೊಟ್ಟಿಯನ್ನು ಹಿಡಿದು ಹಾಗೇ ಕುಳಿತುಬಿಟ್ಟರು. ಬೆರಳು ಸುಡುತ್ತಿರಬೇಕು ಎಂದು ತ್ರಿಶಲಾ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಹಾಲಿನಲ್ಲಿ ಮುರಿದು, ಹಿತ್ತಲ ಬಾಗಿಲಲ್ಲಿ ಇಟ್ಟಳು. ಪೈಲ್ವಾನ ಬಂದು ಮೂಸಿತು. ಬಟ್ಟಲು ಬಿಟ್ಟು ಅವಳ ಬೆನ್ನ ಹಿಂದೆ ನೋಡುತ್ತ ಕುಳಿತಿತು.

"ತಿನ್ನಂಗಿಲ್ಲ ಅದು," ಎಂದರು ಧನಪಾಲ. "ಕೈ ಬ್ಯಾರೆ ಆತಲ್ಲ."

ಪಕ್ಕೆಲುಬು ಎಣಿಸಬಹುದಾದಂಥ ನಾಯಿ, ಸೊಂಟ ಮುಷ್ಟಿಯಷ್ಟು. ಅದಕ್ಕೆ ಪೈಲ್ವಾನ ಎಂದು ಹೆಸರಿಟ್ಟವನು ಶೀತಲ್. ಮದುವೆಯಾದ ಹೊಸದರಲ್ಲಿ ಅದನ್ನು ತಂದು ಅಂಗಳದಲ್ಲಿ ಬಿಟ್ಟು, "ನಿನಗ ಅಂತ ತಂದೇನಿ ನೋಡ," ಎಂದಿದ್ದ. ತ್ರಿಶಲಾ ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವಳು. ಬಂಗಾರ ತರುತ್ತಾರೆ, ಸೀರೆ ತರುತ್ತಾರೆ, ಇವನು ನಾಯಿ ತಂದನಲ್ಲ ಎಂದು ಗೆಳತಿಯರಿಗೆ ಫೋನಿನಲ್ಲಿ ಹೇಳಿ ನಕ್ಕಿದ್ದಳು. ಈಗ ಅವಳಿಗೆ ನಗುವೂ ಇಲ್ಲ, ಅಳುವೂ ಇಲ್ಲ. ಕಬ್ಬು ತುಂಬಿದ ಟ್ರೇಲರಿಗೆ ಹಿಂದೆ ದೀಪವಿರಲಿಲ್ಲ, ಶೀತಲ್ ಮೋಟರ್‌ಸೈಕಲ್ ಮೇಲಿದ್ದ. ಅಷ್ಟು ಗೊತ್ತಾದ ಕ್ಷಣದಿಂದ ಅವಳ ಒಳಗೆ ಏನೋ ಸ್ವಿಚ್ಚು ಆರಿಸಿದಂತಾಗಿತ್ತು. "ಕಲ್ತಾಕಿ, ಗಟ್ಟಿ ಅದಾಳ," ಎಂದು ಬಂದವರು ಹೇಳಿ ಹೋಗಿದ್ದರು.

ಆ ಸಂಜೆ ಅದು ಮೊದಲ ಸಲ ಕಣ್ಣಿಗೆ ಬಿತ್ತು. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಎಷ್ಟೇ ಕೆಲಸವಿರಲಿ, ಬಿಸಿಲು ಹಳದಿಗೆ ತಿರುಗುವಾಗ ಶೀತಲ್ ಮನೆಗೆ ಬರುತ್ತಿದ್ದ. ಅದೇ ಹೊತ್ತಿಗೆ ಪೈಲ್ವಾನ ಎದ್ದು ಗೇಟಿಗೆ ಹೋಯಿತು. ಬಾಲ ಆಡಿಸಿತು. ಯಾರದೋ ಕಾಲಿನ ಪಕ್ಕದಲ್ಲಿ ನಡೆಯುವಂತೆ, ತುಸು ಓರೆಯಾಗಿ, ಮುಖ ಮೇಲೆತ್ತಿಕೊಂಡು ಅಂಗಳ ದಾಟಿ ಬಂತು. ಪಡಸಾಲೆಯಲ್ಲಿ ಶೀತಲ್ ಕೂಡುತ್ತಿದ್ದ ಹೊರಸಿನ, ಆ ಹಗ್ಗದ ಮಂಚದ ಬಳಿ ನಿಂತು ಕತ್ತು ವಾಲಿಸಿತು. ಅವನು ಕಿವಿಯ ಹಿಂದೆ ತುರಿಸುವಾಗ ಅದು ಹೀಗೆಯೇ ವಾಲಿಸುತ್ತಿತ್ತು, ಒಂದು ಕಣ್ಣು ಮುಚ್ಚಿ.

ಹೊರಸಿನ ಮೇಲೆ ಯಾರೂ ಇರಲಿಲ್ಲ.

ತ್ರಿಶಲಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಿಂದಿನಿಂದ ತಾರಾಬಾಯಿಯ ಉಸಿರು ಕೇಳಿಸಿತು. "ಬಂದಾನ," ಎಂದರು ಅವರು.

"ಯಾರ ಬಂದಾರ?" ಧನಪಾಲ ತಾಟಿನಿಂದ ತಲೆ ಎತ್ತಲಿಲ್ಲ. "ಜೀವ ಅನ್ನೂದು ಕಣ್ಣ ಮುಚ್ಚಿ ತಗ್ಯೂದ್ರೊಳಗ ಬ್ಯಾರೆ ಹುಟ್ಟ ಹುಡಕ್ಕೊಂಡ ಹೋಗತೈತಿ. ಇಷ್ಟ ವರ್ಷ ಬಸದಿಗಿ ಹೋಗಿ ಏನ ಕೇಳಿದಿ ನೀ? ನಮ್ಮಲ್ಲಿ ದೆವ್ವ ಇಲ್ಲ, ಭೂತ ಇಲ್ಲ."

"ದೆವ್ವ ಅಂತ ಯಾರ ಅಂದ್ರು? ನನ್ನ ಮಗಾ ಅಂದೆ."

"ಉಣ್ಣ ಬಾ. ಹೊತ್ತ ಮುಳಗತೈತಿ."

ಆದರೆ ಮರುದಿನದಿಂದ ಆ ಹೊರಸಿನ ಮೇಲೆ ಧನಪಾಲರೂ ಕೂಡಲಿಲ್ಲ. ಪೇಪರು ಓದಲು ಕುರ್ಚಿ ಎಳೆದುಕೊಂಡರು. ತ್ರಿಶಲಾ ಇಳಿಹೊತ್ತಿಗೆ ಮುಖ ತೊಳೆದು ಜಡೆ ಹಾಕಿಕೊಳ್ಳತೊಡಗಿದಳು. ಯಾಕೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ನಾಯಿ ಎಲ್ಲಿ ನೋಡುತ್ತದೋ ಅಲ್ಲಿ ಅವನಿದ್ದಾನೆ. ಅದು ಮಲಗಿದಾಗ ಹೋಗುತ್ತಾನೆ. ಇಡೀ ದಿನದಲ್ಲಿ ಅಷ್ಟೇ ಹೊತ್ತು ಅವಳಿಗೆ ಬದುಕಿದ್ದಂತೆ ಅನಿಸುತ್ತಿತ್ತು.

ಶೆಡ್ಡಿನಿಂದ ಬಂದವನೇ ಅಡುಗೆಮನೆಯ ಗಾಜಿನ ಬರಣಿಗೆ ಕೈ ಹಾಕಿ ಒಂದು ಹಿಡಿ ಒಣದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುವುದು ಶೀತಲ್‌ನ ಚಾಳಿ. ಸಣ್ಣವನಿದ್ದಾಗಿನಿಂದ ಬಂದದ್ದು. ಈಗ ತಾರಾಬಾಯಿ ಆ ಹೊತ್ತಿಗೆ ಬರಣಿ ತೆಗೆದು ನಾಲ್ಕು ಹಣ್ಣನ್ನು ಹೊರಸಿನ ಮುಂದೆ ಹಿಡಿಯುತ್ತಿದ್ದರು. ತಿನ್ನುತ್ತಿದ್ದುದು ಪೈಲ್ವಾನ. ರೊಟ್ಟಿ ಮುಟ್ಟದ ನಾಯಿ ಇದನ್ನಾದರೂ ತಿನ್ನುತ್ತದಲ್ಲ ಎಂದು ಮನೆಯವರೆಲ್ಲರಿಗೂ ಸಮಾಧಾನವೇ ಆಯಿತು.

ಒಂದು ದಿನ ಅಮೋಘಸಿದ್ದ ಮಾತಾಡಿಸಲು ಬಂದ. ಮುಗಳಖೋಡದ ಕಡೆಯ ಕುರಿಗಾರ. ಬೆಳೆ ತೆಗೆದ ಮೇಲೆ ಇವರ ಖಾಲಿ ಹೊಲದಲ್ಲಿ ಕುರಿ ಕೂಡಿಸಿ ಗೊಬ್ಬರ ಮಾಡಿಕೊಡುತ್ತಿದ್ದವನು. ಕಂಬಳಿ ಹಾಸಿಕೊಂಡು ಅಂಗಳದಲ್ಲೇ ಕುಳಿತ. ಪೈಲ್ವಾನ ಓಡಿಬಂದು ಅವನ ತೊಡೆಯ ಮೇಲೆ ತಲೆ ಇಟ್ಟಿತು.

"ಏನಲೇ ಕೆಂಚ್ಯಾ, ಸೊರಗಿಯಲ್ಲೋ," ಎಂದ.

"ಕೆಂಚ್ಯಾ ಯಾರ?" ಎಂದರು ತಾರಾಬಾಯಿ.

"ಇದರೀ ಅವ್ವಾರ. ನಮ್ಮ ಹಟ್ಟ್ಯಾಗ ಹುಟ್ಟಿದ್ದು. ವೈನ್ಯಾರು ಹೊಸದಾಗಿ ಬಂದಾರ, ತೋಟದಾಗ ಒಬ್ರ ಅಂಜತಾರ, ಸುಗ್ಗಿ ಮುಗಿಯೂತನಕ ಒಂದ ನಾಯಿ ಕೊಡಪಾ ಅಂದ್ರು ಶೀತಲಣ್ಣಾರು. ಕೊಟ್ಟಿದ್ನಿ. ಸುಗ್ಗಿ ಮುಗದ ಮ್ಯಾಲೆ ಕೇಳಿದ್ರ, ನಿಮ್ಮ ವೈನಿ ಬಿಡವಲ್ರು ಅಂದ್ರು." ಅವನು ತ್ರಿಶಲಾಳ ಕಡೆ ನೋಡಿ ನಕ್ಕ, ನಗಬಾರದಿತ್ತು ಎಂದು ನೆನಪಾಗಿ ನಿಲ್ಲಿಸಿದ. "ಇರಲಿ ಬಿಡ್ರಿ. ಇದು ಕೇಳೂ ಹೊತ್ತಲ್ಲ."

ಅವನು ಹೋದ ಮೇಲೆ ತ್ರಿಶಲಾ ನಾಯಿಯನ್ನೇ ನೋಡಿದಳು. ಉಡುಗೊರೆ ಎಂದು ತಂದುಕೊಟ್ಟದ್ದು ಕೈಗಡ. ಸತ್ತವನ ಮೇಲೆ ಸಿಟ್ಟು ಬಂತು. ಅದು ಒಳ್ಳೆಯದೇ ಆಯಿತು. ಅಷ್ಟು ದಿನದಲ್ಲಿ ಅವಳಿಗೆ ಬಂದದ್ದು ಅದೊಂದೇ.

ಚತುರ್ದಶಿ ಬಂತು. ತಾರಾಬಾಯಿಗೆ ಉಪವಾಸ. ಅಷ್ಟಮಿ, ಚತುರ್ದಶಿಗೆ ನಾಯಿಯೂ ಒಪ್ಪತ್ತು ಇರಬೇಕೆಂಬ ಅವರ ಹಟಕ್ಕೆ ಶೀತಲ್ ಇರುವಾಗ ಪ್ರತಿ ಸಲವೂ ಜಗಳ. ಈಗ ಜಗಳಕ್ಕೆ ಯಾರೂ ಇರಲಿಲ್ಲ. "ಪಾಪ, ಫಲಾಹಾರ ಮಾಡಲಿ," ಎಂದು ಅವರು ರೊಟ್ಟಿಯ ಬದಲು ಬಟ್ಟಲಿನ ತುಂಬ ಒಣದ್ರಾಕ್ಷಿ ಹಾಕಿದರು. ಪೈಲ್ವಾನ ಬಟ್ಟಲು ನೆಕ್ಕಿತು.

ಮರುದಿನ ಅದು ವಾಂತಿ ಮಾಡಿಕೊಂಡಿತು. ಹಿಂಗಾಲು ಎಳೆಯುತ್ತ ಹೋಗಿ ಹೊರಸಿನ ಕೆಳಗೆ ಬಿತ್ತು. ಸಂಜೆ ಗೇಟಿಗೆ ಹೋಗಲಿಲ್ಲ, ಬಾಲವನ್ನಷ್ಟೇ ನೆಲಕ್ಕೆ ಒಮ್ಮೆ ಬಡಿಯಿತು. ಶೆಡ್ಡಿಗೆ ಕೆಲಸಕ್ಕೆ ಬರುವ ಗಂಗೂಬಾಯಿ ಬಗ್ಗಿ ನೋಡಿ, "ನಿಮ್ಮ ಮಗಾ ಇದನ್ನ ಒಯ್ಯಾಕತ್ತಾನ್ರೀ. ಒಬ್ಬವ್ಗ ಅಲ್ಲಿ ಸೇರವಲ್ದು," ಎಂದಳು.

ತಾರಾಬಾಯಿ ನೆಲದ ಮೇಲೆ ಕುಳಿತು, ನಾಯಿಯ ಕಿವಿಯನ್ನು ಮೆಲ್ಲಗೆ ಎತ್ತಿ, ಅದರೊಳಗೆ ಣಮೋಕಾರ ಮಂತ್ರ ಹೇಳತೊಡಗಿದರು. ಹೋಗುವ ಜೀವದ ಕಿವಿಯಲ್ಲಿ ಹೇಳುವುದು ಅದು. ಮಗನಿಗೆ ಹೇಳಲು ಆಗಿರಲಿಲ್ಲ. ರಸ್ತೆಯ ಮೇಲೆ ಅವನ ಹತ್ತಿರ ಇದ್ದವರು ಗುರುತಿಲ್ಲದ ಜನ. ಈಗ ಅವರು ಒಮ್ಮೆ ಮುಗಿಸಿ ಮತ್ತೆ ಮೊದಲಿನಿಂದ ಹೇಳುತ್ತಿದ್ದರು, ದನಿ ತಗ್ಗಿಸಿ, ಮಗುವನ್ನು ಮಲಗಿಸುವಂತೆ.

ತ್ರಿಶಲಾ ಕೇಳುತ್ತ ನಿಂತಳು. ಹೋಗಲಿ, ಇದೂ ಹೋಗಲಿ ಎಂದು ಒಂದು ಗಳಿಗೆ ಅನಿಸಿತು. ಆಗ ಪೈಲ್ವಾನ ಕಣ್ಣು ತೆರೆದು ಹೊರಸಿನ ಕಡೆಗಲ್ಲ, ಅವಳ ಕಡೆಗೆ ನೋಡಿತು. ಅವಳು ಫೋನು ಎತ್ತಿಕೊಂಡಳು.

ಪಶು ವೈದ್ಯ ಬಂದಾಗ ಗಂಗೂಬಾಯಿ ಇನ್ನೂ ಅಲ್ಲೇ ಇದ್ದಳು. ಡಾಕ್ಟರ್ ಇನ್ನೂ ಎಳೆಯ ಹುಡುಗ, ರಾಯಬಾಗದವನು. "ಏನ ತಿಂದಿತ್ತು?" ಎಂದು ಕೇಳಿದ.

"ಹೊಲಸ ಏನೂ ಇಲ್ಲರಿ. ನಮ್ಮ ಮನ್ಯಾಗ ಮಾಂಸ, ತತ್ತಿ ಬರೂದಿಲ್ಲ. ನಿನ್ನಿ ಚತುರ್ದಶಿ, ಬರೇ ಮಣೂಕ, ಒಣದ್ರಾಕ್ಷಿ," ಎಂದರು ತಾರಾಬಾಯಿ.

"ಎಷ್ಟ?"

ತಾರಾಬಾಯಿ ಎರಡೂ ಬೊಗಸೆ ಸೇರಿಸಿ ತೋರಿಸಿದರು. ಡಾಕ್ಟರ್ ಆ ಬೊಗಸೆಯನ್ನು ನೋಡಿದ.

"ಆಯೀ, ದ್ರಾಕ್ಷಿ ನಾಯಿಗಿ ವಿಷಾರೀ. ಒಣಾನೂ ವಿಷ, ಹಸೀನೂ ವಿಷ. ಕಿಡ್ನಿ ಹಿಡಕೊಂಡ ಬಿಡತೈತಿ. ಉಚ್ಚಿ ಹೊಯ್ದೈತೇನ?"

ಯಾರೂ ನೋಡಿರಲಿಲ್ಲ.

"ಆರ ಎಕರೆ ವಿಷ ಬೆಳದೇನಿ ಹಂಗಾರ," ಎಂದರು ಧನಪಾಲ, ಯಾರಿಗೂ ಅಲ್ಲ.

ಗಂಗೂಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅದಕ್ಕ ಬೈತಿದ್ರ ನೋಡ್ರಿ ಅಣ್ಣಾರು. ನಾಯಿಗಿ ಮಣೂಕ ಹಾಕಬ್ಯಾಡ್ರಿ ಅಂತ ಶೆಡ್ಡಿನಾಗ ಹೊಯ್ಕೋತಿದ್ರು. ನಾವು, ಎಷ್ಟ ಜುಗ್ಗ ಅದಾನವ್ವಾ ಇಂವಾ ಅಂತ..." ಅಲ್ಲಿಗೆ ನಿಲ್ಲಿಸಿದಳು.

ಸಲಾಯನ್ ಬಾಟಲಿಯನ್ನು ಹೊರಸಿನ ಕಾಲಿಗೆ ಕೋಲು ಕಟ್ಟಿ ತೂಗುಹಾಕಿದರು. ಒಂದು ಮುಗಿದರೆ ಇನ್ನೊಂದು. ಡಾಕ್ಟರ್ ಬಂದು ಹೋಗಿ ಮಾಡಿದ. ತ್ರಿಶಲಾ ನಾಯಿಯ ಮುಂಗಾಲು ಅಲುಗದಂತೆ ಹಿಡಿದು ಕುಳಿತಳು. ತಾರಾಬಾಯಿ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದರು. ತೊಳೆದು ಒರೆಸಿಕೊಂಡು ಬಂದು, ನಾಯಿಯನ್ನು ನೋಡಿ, ಮತ್ತೆ ತೊಳೆಯಲು ಹೋಗುತ್ತಿದ್ದರು.

ಎರಡನೆಯ ದಿನ ಮಧ್ಯಾಹ್ನ ಪೈಲ್ವಾನ ತೂರಾಡುತ್ತ ಎದ್ದಿತು. ಧನಪಾಲ ಅದರ ಹೊಟ್ಟೆಗೆ ಟವೆಲ್ಲು ಕೊಟ್ಟು ಹಿಡಿದುಕೊಂಡು ಅಂಗಳಕ್ಕೆ ನಡೆಸಿದರು. ಬೇಲಿಯ ಹತ್ತಿರ ಇಬ್ಬರೂ ಬಹಳ ಹೊತ್ತು ನಿಂತರು.

"ಹೊಯ್ತು!" ಧನಪಾಲ ಕೂಗಿಕೊಂಡರು. "ಏ ಇವಳ, ಬಾರ ಇಲ್ಲಿ, ಹೊಯ್ತು! ಪೂರಾ ಹೊಯ್ತು!"

ಬಸದಿಯಲ್ಲಿ ಕೂಡ ದನಿ ಎತ್ತದ ಮನುಷ್ಯ ಟವೆಲ್ಲು ಬೀಸುತ್ತಿದ್ದರು. ತ್ರಿಶಲಾಗೆ ನಗು ಬಂತು. ತಡೆಯಲಾಗದೆ ಮೆಟ್ಟಿಲ ಮೇಲೆ ಕುಳಿತು ನಕ್ಕಳು. ನಗುತ್ತಲೇ ಅಳು ಬಂತು, ಅದನ್ನೂ ತಡೆಯಲಾಗಲಿಲ್ಲ.

ಇನ್ನು ಮೇಲೆ ಒಂದು ಹಣ್ಣು ಕೂಡ ಹೋಗಬಾರದು, ಕಿಡ್ನಿ ನಾಜೂಕಾಗಿದೆ, ಮತ್ತೊಮ್ಮೆ ಹೀಗಾದರೆ ಉಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿ ಹೋದ. ತಾರಾಬಾಯಿ ತಲೆಯಾಡಿಸಿದರು. ಬರಣಿಯನ್ನು ತಾವೇ ಮೇಲಿನ ಹಲಗೆಗೆ ಎತ್ತಿಟ್ಟರು.

ನಾಯಿ ಚೇತರಿಸಿಕೊಂಡಿತು. ಒಂದು ಸಂಜೆ ಎದ್ದು ಗೇಟಿಗೆ ಹೋಯಿತು. ಬಾಲ ಆಡಿಸಿತು, ಓರೆಯಾಗಿ ನಡೆದು ಬಂತು, ಹೊರಸಿನ ಬಳಿ ಕತ್ತು ವಾಲಿಸಿತು. ಒಳಗೆ ಬರಣಿಯ ಮುಚ್ಚಳ ತಿರುಗಿದ ಸದ್ದು ತ್ರಿಶಲಾಗೆ ಕೇಳಿಸಿತು. ತಾರಾಬಾಯಿ ಮುಷ್ಟಿ ಕಟ್ಟಿಕೊಂಡು ಹೊರಗೆ ಬಂದರು.

"ಆಯೀ, ಬ್ಯಾಡ್ರಿ."

"ನಾಯಿಗಲ್ಲ ಮಗಳ. ಅವಂಗ." ಹಣ್ಣುಗಳನ್ನು ಹೊರಸಿನ ಮೇಲೆ, ಅವನು ಕೂಡುತ್ತಿದ್ದ ಕಡೆ, ಮೆಲ್ಲಗೆ ಬಿಟ್ಟರು. "ಬಂದ ಮಗಂಗ ಬರೇ ಕೈ ತೋರಸಲೇನ?"

ತ್ರಿಶಲಾ ಹಣ್ಣುಗಳನ್ನು ಬಳಿದು ತೆಗೆದಳು. ಮರುದಿನವೂ ತೆಗೆದಳು. ಮೂರನೆಯ ಸಂಜೆ ಹೊರಸಿನ ಸಂದಿಯಿಂದ ಕೆಳಗೆ ಬಿದ್ದ ಒಂದನ್ನು ಪೈಲ್ವಾನ ನಾಲಗೆ ಚಾಚಿ ಎಳೆದುಕೊಳ್ಳುವಷ್ಟರಲ್ಲಿ ಬಾಯಿಗೆ ಬೆರಳು ಹಾಕಿ ಕಿತ್ತುಕೊಂಡಳು. ಆ ಬರಣಿಗೆ ಬೀಗ ಹಾಕಬಹುದಿತ್ತು. ಆದರೆ ಶೆಡ್ಡಿನ ತುಂಬ ಅದೇ ಹಣ್ಣು. ಅತ್ತೆಯ ಕೈಗೆ ಬೀಗ ಹಾಕಲಾಗುವುದಿಲ್ಲ. ಅಲ್ಲದೆ ಅವಳೇನು ಕಡಿಮೆಯೇ? ಆ ದಿನವೂ ಜಡೆ ಹಾಕಿಕೊಂಡಿದ್ದಳು. ನಾಯಿ ಗೇಟಿಗೆ ಹೋಗುವುದು ತಡವಾದರೆ ತಾನೇ ಅದನ್ನು ಎಬ್ಬಿಸುತ್ತಿದ್ದಳೇನೋ. ಮೂವರೂ ಸೇರಿ ಒಂದು ಮೂಕಪ್ರಾಣಿಯ ಕಣ್ಣಲ್ಲಿ ಸತ್ತವನನ್ನು ಕೂಡಿಹಾಕಿದ್ದರು, ಅದಕ್ಕೆ ಅದರ ಜೀವ ಹೋಗುವುದರಲ್ಲಿತ್ತು.

"ನಾಯಿ ಅಮೋಘಸಿದ್ದಂದು," ಎಂದಳು ಬೆಳಿಗ್ಗೆ. "ಕೊಟ್ಟ ಬರತೀನ್ರಿ."

ತಾರಾಬಾಯಿಯ ಕೈಯಲ್ಲಿ ಹಿಟ್ಟು ಇತ್ತು. "ಅವನ ಬರೂ ದಾರಿ ಮುಚ್ಚತೀ ಏನ ನೀ?"

"ಅದು ಸತ್ರ ಬರತಾರೇನ್ರಿ?"

ತಾರಾಬಾಯಿ ಹಿಟ್ಟನ್ನು ಮತ್ತೊಮ್ಮೆ ನಾದಿದರು. ಆಮೇಲೆ ದಪ್ಪ ರೊಟ್ಟಿ ಬಡಿದರು, ಒಂದಲ್ಲ, ಮೂರ್ನಾಲ್ಕು, ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ಧನಪಾಲ ಪಿಕ್‌ಅಪ್ ಗಾಡಿಯ ಕೀಲಿ ತೆಗೆದುಕೊಂಡರು.

ಮುಗಳಖೋಡದ ಆಚೆ ಕುರಿಯ ತಾಣ ಹುಡುಕಿ ಮುಟ್ಟುವಷ್ಟರಲ್ಲಿ ಬಿಸಿಲು ಹಳದಿಯಾಗಿತ್ತು. ಧನಪಾಲ ರಸ್ತೆಯಲ್ಲೇ ಗಾಡಿಯೊಳಗೆ ಕುಳಿತರು. ತ್ರಿಶಲಾ ಹಗ್ಗ ಹಿಡಿದು ಪೈಲ್ವಾನನೊಂದಿಗೆ ಹೊಲ ದಾಟಿದಳು. ಬಲೆಯ ಬೇಲಿಯೊಳಗೆ ಕುರಿಗಳು ಒತ್ತೊತ್ತಾಗಿ ನಿಂತಿದ್ದವು. ಅಮೋಘಸಿದ್ದ ಎದ್ದು ಬಂದ.

"ಯಾಕ್ರಿ ವೈನ್ಯಾರ, ನಾ ಕೇಳಲಿಲ್ಲಲ್ಲ."

"ದ್ರಾಕ್ಷಿ ಒಂದ ತಿನಸಬ್ಯಾಡ್ರಿ. ಒಂದ ಹಣ್ಣ ಸೈತ. ನೀರ ಬಾಳ ಕುಡಸ್ರಿ. ಈ ಗುಳಿಗಿ ರೊಟ್ಟ್ಯಾಗ ಇಟ್ಟ ಕೊಡ್ರಿ." ಅವಳು ಚೀಟಿ, ಗುಳಿಗೆ, ರೊಟ್ಟಿಯ ಗಂಟು ಕೊಟ್ಟಳು.

"ಇಲ್ಲಿ ದ್ರಾಕ್ಷಿ ಯಾರ ತರಬೇಕ್ರಿ?" ಎಂದು ಅವನು ನಕ್ಕ. ಈ ಸಲ ನಗು ನಿಲ್ಲಿಸಿಕೊಳ್ಳಲಿಲ್ಲ.

ಪೈಲ್ವಾನ ಆಗ ತಿರುಗಿತು. ಕುರಿಗಳ ಕಡೆಗಲ್ಲ, ಅಮೋಘಸಿದ್ದನ ಕಡೆಗೂ ಅಲ್ಲ. ತ್ರಿಶಲಾಳ ಎಡಗಡೆ, ಒಬ್ಬರು ನಿಲ್ಲುವಷ್ಟು ಜಾಗದ ಕಡೆ ಮುಖ ಎತ್ತಿ ಬಾಲ ಆಡಿಸಿತು. ಒಂದು ಕಣ್ಣು ಮುಚ್ಚಿ ಕತ್ತು ವಾಲಿಸಿತು.

ಅಮೋಘಸಿದ್ದ ಅವಳ ಹಿಂದೆ ಹೊಲದ ದಾರಿಯನ್ನು ನೋಡಿದ. "ಯಾರರ ಬಂದಾರೇನ್ರಿ ಸಂಗಾಟ?"

ಅವಳು ಎಡಗಡೆ ತಿರುಗಿ ನೋಡಲಿಲ್ಲ. ನೋಡಿದರೆ ಹಗ್ಗ ಬಿಡಲಾಗದು ಎಂದು ಗೊತ್ತಿತ್ತು.

"ಸುಗ್ಗಿ ಮುಗದ ಮ್ಯಾಲೆ ಕೊಡತೇನಿ ಅಂದಿದ್ರಲ್ರಿ," ಎಂದಳು. "ಅವರ ಪರವಾಗಿ ತಂದೇನಿ. ತಗೋರಿ."

ಹಗ್ಗವನ್ನು ಅವನ ಕೈಗೆ ಕೊಟ್ಟಳು.